ಐದು ಪದರದ ಲೇಪಕ್ಕೊಂದು ಮೇಲ್ಮನವಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ನಾನು ದಿನಚರಿ ಬರೆಯುತ್ತಿದ್ದೆ ನಿಜ, ಆದರೆ ಅದಕ್ಕೂ ನನ್ನ ನೆನಪಿಗೂ ಸರಿಹೋಗುವುದಿಲ್ಲ. ಅತ್ತಿವೇರಿಗೆ ಹೋದ ದಿನ ಬಿಸಿಲಿತ್ತು ಎಂದು ನನಗೆ ಖಚಿತವಾಗಿ ನೆನಪಿದೆ. ದಿನಚರಿಯಲ್ಲಿ ಅದೇ ದಿನದ ಕೆಳಗೆ ‘ಇಡೀ ದಿನ ಮಳೆ, ಕೊಡೆ ಬಸ್ಸಿನಲ್ಲಿ ಮರೆತೆ’ ಎಂದಿದೆ. ಆ ಕೊಡೆ ಜೋಯಿಡಾ ಬಸ್ಸಿನಲ್ಲಿ ಹೋಯಿತೆಂದು ಮೂರು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಕೊಡೆಯ ವಿಷಯದಲ್ಲೇ ಹೀಗಾದರೆ ಉಳಿದದ್ದರಲ್ಲಿ ಎಷ್ಟು ನಂಬುವುದೋ ಗೊತ್ತಿಲ್ಲ.

ಹೋದ ತಿಂಗಳು ಬಂಗೂರನಗರದ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಟೈಲ್ಸ್ ಕೂರಿಸಲು ಇಬ್ಬರು ಬಂದಿದ್ದರು. ಬಕೆಟ್ಟಿನಲ್ಲಿ ಬಿಳಿ ಪುಡಿ ಸುರಿದು ನೀರು ಹಾಕಿ ಕಲಸತೊಡಗಿದರು. ಸೀಮೆಸುಣ್ಣ ನೆನೆದಂಥ, ಸ್ವಲ್ಪ ಸೋಡಾದಂಥ ವಾಸನೆ ಅಡುಗೆಮನೆಯವರೆಗೆ ಬಂತು. ನಾನು ಗ್ಯಾಸು ಆರಿಸಿ ಸುಮ್ಮನೆ ನಿಂತೆ. ಹಳಿಯಾಳದ ಕಾಕಾನ ಷೆಡ್ಡಿನಲ್ಲಿ ಇದೇ ವಾಸನೆ ಇರುತ್ತಿತ್ತು, ಅದರ ಜೊತೆ ಬಿಸಿ ಕಬ್ಬಿಣದ ವಾಸನೆ. ಆ ಮಳೆಗಾಲವೆಲ್ಲ ನನ್ನ ಸೀರೆಯಿಂದ ಅದು ಹೋಗಲೇ ಇಲ್ಲ.

ಗುರುಸಿದ್ದ ಕಾಕಾ ನನ್ನ ಅಪ್ಪನ ತಮ್ಮ. ಧಾರವಾಡದ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯಲ್ಲಿ ಬಹಳ ವರ್ಷ ಫಿಟ್ಟರ್ ಆಗಿದ್ದರು. ಬಿಟ್ಟ ಮೇಲೆ ಹಳಿಯಾಳದ ಹೊರಗೆ ತಗಡಿನ ಷೆಡ್ಡು ಹಾಕಿಕೊಂಡು ಯಂತ್ರದ ಬಿಡಿಭಾಗಗಳ ರಿಪೇರಿಗೆ ಕೂತರು. ಬೇಸಿಗೆಯಲ್ಲಿ ಕಬ್ಬು ಅರೆಯುವುದು ನಿಂತಾಗ ಸಕ್ಕರೆ ಕಾರ್ಖಾನೆಗಳ ಕೆಲಸ ಬರುತ್ತಿತ್ತು. ಅದರಲ್ಲಿ ಒಂದು, ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ದೂಡುವ ದೊಡ್ಡ ಪಂಖದ ಅಲಗುಗಳು. ಕಬ್ಬಿನ ಸಿಪ್ಪೆ ಉರಿದ ಬೂದಿ, ಕಬ್ಬಿನ ಜೊತೆ ಹೊಲದಿಂದ ಬಂದ ಮರಳು, ಎರಡೂ ಸೇರಿ ಒಂದೇ ಹಂಗಾಮಿನಲ್ಲಿ ಆ ಅಲಗುಗಳನ್ನು ಅಂಚಿನಿಂದ ತಿಂದುಹಾಕುತ್ತಿದ್ದವು. ಪ್ರತಿ ವರ್ಷ ಬೆಸುಗೆ ಹಾಕುವುದು, ಪ್ರತಿ ವರ್ಷ ಸವೆಯುವುದು. ಕಾಕಾಗೆ ಅದು ಬೇಸರ ಬಂದಿತ್ತು.

ಅಲ್ಯುಮಿನಾ ಎಂಬ ಬಿಳಿ ಪುಡಿಯನ್ನು ಅಂಟು ದ್ರವದಲ್ಲಿ ಕಲಸಿ ಅಲಗಿಗೆ ಬಳಿದು ಸುಟ್ಟರೆ ಪಿಂಗಾಣಿಯಂಥ ಗಟ್ಟಿ ಲೇಪವಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಂಥ ಲೇಪದಲ್ಲಿ ಒಂದು ಬಿರುಕು ಹುಟ್ಟಿದರೆ ಅದು ನೇರ ಕಬ್ಬಿಣದವರೆಗೆ ಇಳಿದು, ಲೇಪ ಹೊಪ್ಪಳೆಯಾಗಿ ಏಳುತ್ತದೆ. ಕಾಕಾ ಐದು ಪದರ ಬಳಿದರು, ಒಂದು ಒರಟು ಪುಡಿಯದು, ಒಂದು ನಯವಾದದ್ದು, ಹೀಗೆ ಒಂದಾದ ಮೇಲೆ ಒಂದು. ಮುಖ್ಯವಾದದ್ದು ಅದಲ್ಲ. ಒಂದು ಪದರ ಪೂರ್ತಿ ಒಣಗುವ ಮೊದಲೇ ಮುಂದಿನದನ್ನು ಬಳಿಯಬೇಕು. ಎಷ್ಟು ಒಣಗಿರಬೇಕು ಎಂದು ನಾನು ಕೇಳಿದಾಗ ಅವರು ಹೆಬ್ಬೆರಳು ಒತ್ತಿ ತೋರಿಸಿದ್ದರು.

“ಗುರ್ತ ಬೀಳಬೇಕು, ಬೆರಳಿಗೆ ಹಿಟ್ಟ ಹತ್ತಬಾರ್ದು. ಆಯಿ ಮಣ್ಣಿನ ಒಲಿ ಹಾಕೂಮುಂದ ನೋಡಿಲ್ಲೇನು?”

ಹಾಗೆ ಮಾಡಿದರೆ ಎರಡು ಪದರದ ನಡುವೆ ಒಂದು ಮೆತ್ತನೆಯ ಗಡಿ ಉಳಿಯುತ್ತದೆ. ಬಿರುಕು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ, ಕೆಳಗೆ ಇಳಿಯುವುದಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಸಣ್ಣ ಸಣ್ಣ ತಗಡುಗಳಿಗೆ ಲೇಪ ಹಚ್ಚಿಸಿ ಕಾಲೇಜಿನ ತಕ್ಕಡಿಯಲ್ಲಿ ತೂಗಿ, ಹೆಬ್ಬೆರಳ ಗುರುತಿನ ಹೊತ್ತಿಗೆ ಎಷ್ಟು ನೀರು ಉಳಿದಿರುತ್ತದೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಅದರ ಮೇಲೆ ಹುಬ್ಬಳ್ಳಿಯ ಏಜೆಂಟರೊಬ್ಬರು ಪೇಟೆಂಟಿನ ಅರ್ಜಿ ತಯಾರಿಸಿದರು. ಅರ್ಜಿದಾರರು ಕಾಕಾ. ಇದೆಲ್ಲ ನಾನು ಹೇಳಹೊರಟ ಮಳೆಗಾಲಕ್ಕಿಂತ ಆರು ವರ್ಷ ಹಿಂದಿನದು.

ಆರು ವರ್ಷ ಕಾಗದಗಳು ಓಡಾಡಿದವು. ಆ ವರ್ಷದ ಮೇ ತಿಂಗಳಲ್ಲಿ ಪೇಟೆಂಟ್ ಕಚೇರಿಯಿಂದ ಅರ್ಜಿ ತಿರಸ್ಕರಿಸಿದ ಆದೇಶ ಬಂತು. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ಷೆಡ್ಡಿನ ಬಾಗಿಲಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತು ನಾನು ಅದನ್ನು ಕಾಕಾಗೆ ಕನ್ನಡದಲ್ಲಿ ಹೇಳಿದೆ. ಹಳೆಯ ಎರಡು ದಾಖಲೆಗಳನ್ನು ಜೋಡಿಸಿ ನೋಡಿದರೆ, ಈ ಕೆಲಸ ಬಲ್ಲ ಯಾರಿಗಾದರೂ ಇದು ತಾನಾಗಿ ಹೊಳೆಯುವಂಥದ್ದು, ಆದ್ದರಿಂದ ಇದು ಹೊಸ ಶೋಧವಲ್ಲ. ಸಾರಾಂಶ ಇಷ್ಟೇ.

ಕಾಕಾ ಹನ್ನೊಂದೂ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ, “ಯಾರಿಗೆ ಬೇಕಾದ್ರೂ ಹೊಳಿಯೂದಾಗಿದ್ರ ಇಷ್ಟ ವರ್ಷ ಯಾರಿಗೂ ಯಾಕ ಹೊಳಿಲಿಲ್ಲಂತ?” ಎಂದರು. “ವರ್ಷಾ ವರ್ಷಾ ಅಲಗ ಹೊತಗೊಂಡ ಬರಾವ್ರು ಏನ ಮಂದೀನೋ ಕಟ್ಟಿಗಿನೋ?”

ಆದೇಶದ ವಿರುದ್ಧ ಮೇಲ್ಮನವಿ ಹಾಕಲು ಮೂರು ತಿಂಗಳಿತ್ತು. ನಮ್ಮ ಅರ್ಜಿ ಚೆನ್ನೈ ಕಚೇರಿಗೆ ಸೇರಿದ್ದರಿಂದ ಅಲ್ಲಿನ ಹೈಕೋರ್ಟಿಗೇ ಹೋಗಬೇಕು. ಹುಬ್ಬಳ್ಳಿಯ ಏಜೆಂಟರು ಅಲ್ಲಿನ ವಕೀಲೆ ಮಾಲತಿಯವರ ನಂಬರು ಕೊಟ್ಟರು. ಅವರ ತಾಯಿ ಕೋಲಾರದವರಂತೆ, ಕನ್ನಡ ಬರುತ್ತಿತ್ತು. ಕಾಕಾ ಕೇಳಿದ್ದನ್ನೇ ನಾನು ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. “ಇದೇ ಅಮ್ಮಾ ನಮ್ಮ ವಾದ. ನಿಮ್ಮ ಕಾಕ ಲಾ ಓದಿದಾರಾ?” ಹಳೆಯ ಎರಡೂ ದಾಖಲೆಗಳಲ್ಲಿ ಪ್ರತಿ ಪದರವನ್ನೂ ಪೂರ್ತಿ ಒಣಗಿಸಿ ಸುಡಬೇಕೆಂದೇ ಇದೆ, ಅರ್ಧ ಒಣಗಿದ ಪದರದ ಮಾತು ಎಲ್ಲೂ ಇಲ್ಲ, ಅಧಿಕಾರಿಗಳು ಅದನ್ನು ಗಮನಿಸಿಲ್ಲ, ಗೆಲ್ಲುವ ಕೇಸು ಎಂದರು.

ಕಾಕಾಗೆ ಬೇಕಾಗಿದ್ದದ್ದು ಏನು ಎಂದು ಆಗಲೂ ಜನ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಕಂಪನಿಗೆ ಮಾರುವ ಆಸೆ ಇತ್ತೇ ಎಂದು. ನನಗೆ ತಿಳಿದಂತೆ ಅವರಿಗೆ ಒಂದು ಕಾಗದ ಬೇಕಿತ್ತು, ಅದರಲ್ಲಿ ಶೋಧಿಸಿದವರ ಹೆಸರು ಎಂಬಲ್ಲಿ ತಮ್ಮ ಹೆಸರು. ಕೆಲಸದಲ್ಲಿದ್ದಷ್ಟು ಕಾಲ ಅವರು ಮಾಡಿದ ರಿಪೇರಿಯ ಕೆಳಗೆ ಯಾವಾಗಲೂ ಬೇರೆ ಯಾರದೋ ಸಹಿ ಇರುತ್ತಿತ್ತು. ಇದನ್ನು ಅವರು ನನಗೆ ಹೇಳಿದರೋ, ನಾನೇ ಊಹಿಸಿದೆನೋ ಈಗ ಬಿಡಿಸಿ ಹೇಳಲಾರೆ.

ಜುಲೈನಲ್ಲಿ ಮೇಲ್ಮನವಿ ದಾಖಲಾಯಿತು. ಆಮೇಲೆ ಅದಕ್ಕೆ ಬೇಕಾದ ಪುರಾವೆಗಳ ಕೆಲಸ. ಆಗ ನಾನು ಅತಿಥಿ ಉಪನ್ಯಾಸಕಿ, ವಾರದಲ್ಲಿ ನಾಲ್ಕು ದಿನ ದಾಂಡೇಲಿ, ಎರಡು ದಿನ ಜೋಯಿಡಾ. ಜೋಯಿಡಾದ ಹುಡುಗಿಯರು ತಮ್ಮೊಳಗೆ ಕೊಂಕಣಿಯಲ್ಲಿ ಮಾತಾಡಿಕೊಂಡು, ನನಗೆ ಕನ್ನಡದಲ್ಲಿ ಉತ್ತರಿಸಿ, ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಅವರ ದಣಿವೂ ನನ್ನದೂ ಒಂದೇ ಬಗೆಯದು ಅನ್ನಿಸುತ್ತಿತ್ತು. ಪಾಠ ಮುಗಿಸಿ ದಾಂಡೇಲಿಗೆ ಬಂದು, ಅಲ್ಲಿಂದ ಹಳಿಯಾಳದ ಬಸ್ಸು ಹಿಡಿದು ಷೆಡ್ಡಿಗೆ ಹೋಗುವಷ್ಟರಲ್ಲಿ ಸಂಜೆ. ದಾರಿಯಲ್ಲಿ ಕಬ್ಬು ಆಳೆತ್ತರ ಬೆಳೆದಿರುತ್ತಿತ್ತು, ಕಿಟಕಿಯ ಗಾಜಿನ ಸಂದಿಯಿಂದ ನೀರು ಸೋರಿ ಚೀಲದಲ್ಲಿದ್ದ ಕಾಗದಗಳ ಅಂಚು ಒದ್ದೆ. ಕಾಕಾನ ಮನೆ ಷೆಡ್ಡಿಗೆ ಅಂಟಿಕೊಂಡೇ ಇತ್ತು. ಅವರ ಹೆಂಡತಿ ನೀಲಾ ಕಾಕು ರೊಟ್ಟಿ ಬಡಿಯುತ್ತ, “ಬಂದ್ಲ ನೋಡ್ರಿ ನಿಮ್ಮ ಬ್ಯಾರಿಸ್ಟರು” ಎನ್ನುತ್ತಿದ್ದರು. ಬಿಸಿ ರೊಟ್ಟಿ ತಿಂದು, ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕೊನೆಯ ಬಸ್ಸಿಗೆ ತಿರುಗಿ ಬರುವುದು. ದಿನಚರಿಯಲ್ಲಿ ಆ ಎರಡು ತಿಂಗಳ ಬಹುಪಾಲು ದಿನಗಳಿಗೆ ಎರಡೇ ಪದ ಇವೆ, ‘ಹಳಿಯಾಳ. ಸಾಕಾಯಿತು.’

ಮಾಲತಿಯವರಿಗೆ ಆ ಮೂಲ ನೋಟುಪುಸ್ತಕ ಬೇಕಾಗಿತ್ತು. ಅರ್ಜಿ ಹಾಕುವ ಮೊದಲೇ ನಾವು ಅರ್ಧ ಒಣಗಿದ ಪದರದ ಲೆಕ್ಕ ಇಟ್ಟಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ. ಕಾಕುನ ಕಪಾಟಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಮೂವತ್ತು ನಲವತ್ತು ಪುಟ ಇಂಗ್ಲಿಷಿನಲ್ಲಿ ನನ್ನ ಅಂಕಿಗಳು. ಕೊನೆಯಲ್ಲಿ ಒಂದೇ ಒಂದು ಪುಟ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪದರ ಬಳಿಯುವ ಕ್ರಮವೆಲ್ಲ. ಅದರ ಮೇಲೆ ಅರಿಶಿನ, ಕುಂಕುಮ ಮೆತ್ತಿ ಕೆಂಪಾಗಿತ್ತು. ನಾನು ಆ ಪುಟವನ್ನು ಬೇಗ ತಿರುವಿದೆ. ಹಳಿಯಾಳದ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಪುಟ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಕಪ್ಪು ಬಿಳುಪಿನಲ್ಲಿ ಆ ಕೆಂಪು ಕಪ್ಪು ಮಚ್ಚೆಯಾಗಿ ಬಂತು.

“ಕೊನೇ ಪೇಜಲ್ಲಿ ಏನಮ್ಮಾ ಚೆಲ್ಲಿರೋದು?” ಎಂದು ಮಾಲತಿ ಕೇಳಿದರು.

“ಷೆಡ್ಡಿನ ಎಣ್ಣೆ ಇರಬೇಕು ಮೇಡಂ” ಎಂದೆ.

ಹೇಳುವಾಗ ಅದು ಎಣ್ಣೆಯೆಂದೇ ನಂಬಿದ್ದೆನೇ? ಕುಂಕುಮವನ್ನು ಕಣ್ಣಾರೆ ಕಂಡವಳು ನಾನು.

ಆಗಸ್ಟಿನಲ್ಲಿ ಅತ್ತಿವೇರಿಗೆ ಹೋದೆವು. ಅಲ್ಲಿ ಫಕೀರಪ್ಪ ಇದ್ದರು. ಕಾಕಾ ಲೇಪ ಹಚ್ಚಿದ ಅಲಗುಗಳನ್ನು ಮೊದಲ ಬಾರಿ ಪಂಖಕ್ಕೆ ಹಾಕಿ ಓಡಿಸಿದಾಗ ಆ ಬಾಯ್ಲರಿನ ಫೋರ್‌ಮನ್ ಅವರೇ. ಅರ್ಜಿ ಹಾಕಿದ ಮೇಲೆ ಬಂದ ಹಂಗಾಮು ಅದು. ನಿವೃತ್ತರಾಗಿ ಊರಿಗೆ ಬಂದು ತಮ್ಮನ ಜೊತೆ ಹೊಲ ನೋಡಿಕೊಂಡಿದ್ದರು. ಅಲಗು ಎಷ್ಟು ಕಾಲ ಬಾಳಿತು ಎಂದು ಅವರಿಂದ ಒಂದು ಹೇಳಿಕೆ ಬೇಕಿತ್ತು. ಕಲಘಟಗಿಯಲ್ಲಿ ಬಸ್ಸು ಬದಲಿಸಿ ಮುಂಡಗೋಡ, ಅಲ್ಲಿಂದ ಟೆಂಪೋ. ಕೆರೆಯ ನೀರಿನಾಚೆ ಮರಗಳ ಮೇಲೆ ಕೊಕ್ಕರೆಗಳು ಬಿಳಿ ಬಟ್ಟೆ ಒಣಹಾಕಿದ ಹಾಗೆ ಕೂತಿದ್ದವು. ಬಿಸಿಲಿತ್ತೋ ಮಳೆಯೋ, ಕೊಕ್ಕರೆ ಇದ್ದದ್ದಂತೂ ನಿಜ.

ಫಕೀರಪ್ಪ ಹಲ್ಲಿಲ್ಲದ ಬಾಯಿ ತುಂಬ ನಕ್ಕು ಬರಮಾಡಿಕೊಂಡರು. “ಗುರುಸಿದ್ದಪ್ಪಾ, ಮದ್ರಾಸಿಗೂ ಬಂದ ಹೇಳ್ತೇನಿ ಬೇಕಾದ್ರ. ರೈಲಿನ್ಯಾಗ ಕಿಡಕಿ ಕಡಿ ಸೀಟ ಕೊಡಸು, ಅಷ್ಟ.”

“ನಿನ್ನ ಹಲ್ಲ ಸೆಟ್ ಹಾಕ್ಕೊಂಡ ಬಾ ಮೊದ್ಲ. ಜಡ್ಜಗ ತಿಳೀಬೇಕಲ್ಲ ನಿನ್ನ ಮಾತು” ಎಂದರು ಕಾಕಾ.

ಅಲಗು ನಾಲ್ಕು ಹಂಗಾಮು ನಡೆದದ್ದನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಆಮೇಲೆ ಅವರು ಎದ್ದು, “ನಾ ಬರೇ ಬಾಯಿಲೆ ಹೊಗಳಾಕತ್ತಿಲ್ಲ. ಬರ್ರಿ, ತೋರಸ್ತೇನಿ” ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಅವರ ತಮ್ಮನ ಬೆಲ್ಲ ಬೇಯಿಸುವ ಗಾಣದ ಮನೆ. ಒಲೆಯ ಬಾಯಿಗೆ ಅಡ್ಡ ಇಡುವ ಕಬ್ಬಿಣದ ಹಲಗೆಗೆ ಬಿಳಿ ಲೇಪವಿತ್ತು, ಅಲ್ಲಲ್ಲಿ ಎದ್ದಿತ್ತು, ಆದರೆ ಇತ್ತು.

“ನಾನ ಹಚ್ಚಿದ್ದು. ಆರ ವರ್ಷ ಆತು” ಎಂದರು ಫಕೀರಪ್ಪ. “ನಿಮ್ಮ ಪುಸ್ತಕಾ ನೋಡೇ ಮಾಡಿದ್ದು. ಆ ವರ್ಷ ದಸರಾದಾಗ ಖಂಡೆ ಪೂಜಿಗೆ ನಿಮ್ಮ ಷೆಡ್ಡಿಗೆ ಬಂದಿದ್ನಲ್ಲ, ಕಾಯಿ ಒಡಸೂ ಪಾಳಿ ಉದ್ದ ಇತ್ತು. ನಿಂತ ನಿಂತ ದೇವಿ ಮುಂದಿನ ಪುಸ್ತಕಾ ಪೂರಾ ಓದಿದೆ. ಏನ ಚೆಂದ ಅಕ್ಷರವಾ ತಂಗಿ ನಿನ್ನವು. ಒಮ್ಮೆ ಓದಿದ್ರ ಸಾಕು, ಯಾಂವ ಬೇಕಾದ್ರೂ ಮಾಡಬಹುದು. ಪೂಜಿ ಮುಗಿಸಿ ಊರಿಗೆ ಬಂದ ಎಂಟ ದಿನಕ್ಕ ಹಚ್ಚೇಬಿಟ್ಟೆ.”

ನನ್ನ ಪೆನ್ನು ನಿಂತಿತು. ಕಾಕಾ ಬಗ್ಗಿ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಎರಡನೇ ಪದರ ಭಾಳ ಒಣಗಿಸಿದಿ. ಅದಕ್ಕ ಇಲ್ಲಿ ಎದ್ದೈತಿ ನೋಡು” ಎಂದರು.

“ಹೌದ? ಮಳಿ ಹೋಗಿ ಬಿಸಲ ಬಿದ್ದಿತ್ತಪಾ ಅವತ್ತು” ಎಂದು ಫಕೀರಪ್ಪ ತಪ್ಪೊಪ್ಪಿಕೊಂಡರು.

ತಿರುಗಿ ಬರುವಾಗ ಕಲಘಟಗಿಯಲ್ಲಿ ಬಸ್ಸು ಇಳಿದು ಕಾಕಾ ನೇರ ಒಂದು ತಳ್ಳುಗಾಡಿಯ ಕಡೆ ಹೋದರು. ಅಲ್ಲಿ ಶೇಂಗಾ ಕೊಂಡು ಅರ್ಧ ನನ್ನ ಕೈಗೆ ಹಾಕಿ, “ಅರ್ಜಿ ಎಂದ ಹಾಕಿದ್ವಿ?” ಎಂದರು. ರಸೀದಿಯ ತಾರೀಖು ನನಗೆ ಬಾಯಿಪಾಠವಿತ್ತು. “ಪೂಜಿ ಆಗಿ ಮೂರ ವಾರಕ್ಕರಿ” ಎಂದೆ. ಅರ್ಜಿ ಹಾಕುವ ಮೊದಲು ಶೋಧ ಹೊರಗಿನವರಿಗೆ ತಿಳಿದಿದ್ದರೆ ಅದು ಹೊಸತಲ್ಲ ಎಂಬ ನಿಯಮ ಅವರಿಗೆ ಗೊತ್ತಿತ್ತು, ಏಜೆಂಟರು ಮೊದಲ ದಿನವೇ ಹೇಳಿದ್ದರು. ಯಾರಿಗೂ ತೋರಿಸಬೇಡಿ ಎಂದು. ಕಾಕಾ ಯಾರಿಗೂ ತೋರಿಸಿರಲಿಲ್ಲ. ಷೆಡ್ಡಿಗೆ ಯಾರಾದರೂ ಬಂದರೆ ಲೇಪ ಕಲಸುವ ಬೋಗುಣಿಯ ಮೇಲೆ ಗೋಣಿಚೀಲ ಎಳೆಯುತ್ತಿದ್ದರು. ಪೂಜೆ ಅವರ ಲೆಕ್ಕದಲ್ಲಿ ತೋರಿಸುವುದಾಗಿರಲಿಲ್ಲ.

ಆ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಬಗ್ಗೆ ನನಗೆ ನೆನಪಿರುವುದು ಹೀಗೆ. ಅರ್ಜಿ ತಯಾರಾಗಿ ಹುಬ್ಬಳ್ಳಿಯಲ್ಲಿ ಸಹಿಗೆ ಕಾದಿತ್ತು. ಏಜೆಂಟರು ಎರಡು ಸಲ ಫೋನು ಮಾಡಿದರು. ಕಾಕಾ ಒಪ್ಪಲಿಲ್ಲ. ಹೊಸ ಯಂತ್ರವಾಗಲಿ, ಹೊಸ ಸುತ್ತಿಗೆಯಾಗಲಿ ಪೂಜೆಯಾಗದೆ ಅವರು ಕೆಲಸಕ್ಕೆ ಹಚ್ಚಿದವರಲ್ಲ. “ಸರಕಾರಕ್ಕ ತೋರ್ಸೂಕಿಂತ ಮೊದ್ಲ ದೇವಿ ನೋಡ್ಲಿ” ಎಂದರು. ಷೆಡ್ಡು ತೊಳೆದು, ಲೇತು, ಡ್ರಿಲ್ಲು, ಬೆಸುಗೆಯ ಯಂತ್ರಕ್ಕೆಲ್ಲ ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದೆವು. ದೇವಿಯ ಫೋಟೋದ ಮುಂದೆ ಲೇಪದ ತಗಡುಗಳು, ಅದರ ಪಕ್ಕ ನನ್ನ ಪುಸ್ತಕ. ನಮ್ಮಲ್ಲಿ ಪೂಜೆಗೆ ಪುಸ್ತಕವನ್ನು ಮುಚ್ಚಿಯೇ ಇಡುತ್ತಾರೆ. ನಾನೂ ಮುಚ್ಚಿಯೇ ಇಟ್ಟೆ.

“ಮುಚ್ಚಿಟ್ರ ಆಕಿ ಹೆಂಗ ಓದ್ಬೇಕು?” ಎಂದರು ಕಾಕಾ.

ತೆರೆದೆ. ಅವರು ಬಗ್ಗಿ ನೋಡಿ, “ಇಂಗ್ಲಿಷ್‌ನ್ಯಾಗ ಬರದಿಯಲ್ಲ ಸುಮಿ. ಆಕಿಗೆ ಇದ ತಿಳೀತೈತೋ ಇಲ್ಲೋ. ಕನ್ನಡದಾಗ ಬರಿ, ಸ್ವಚ್ಛಂಗ ಬರಿ” ಎಂದರು.

ನಾನು ಅಲ್ಲೇ ಕೂತು ಬರೆದೆ. ಒಂದರಿಂದ ಐದರವರೆಗೆ ಪದರಗಳು, ಯಾವುದಕ್ಕೆ ಯಾವ ಪುಡಿ, ಹೆಬ್ಬೆರಳ ಗುರುತು, ಬೆರಳಿಗೆ ಹಿಟ್ಟು ಹತ್ತಬಾರದು ಎಂಬುದು ಕೂಡ. ಬರೆಯುವಾಗ ಸಂತೋಷವಾಗಿತ್ತು. ಅದು ಮಾತ್ರ ಚೆನ್ನಾಗಿ ನೆನಪಿದೆ. ಅಷ್ಟು ಓದಿದ್ದಕ್ಕೆ ಅಂದು ಉಪಯೋಗವಾಯಿತು ಅನ್ನಿಸಿತ್ತು. ಸಂಜೆಯವರೆಗೆ ಜನ ಬಂದರು, ಕಾಯಿ ಒಡೆಸಿದರು, ಪೇಡೆ, ಚುರುಮರಿ ತಿಂದು ಹೋದರು. ಯಾರು ಓದಿದರು, ಯಾರು ಬರೀ ಕೈ ಮುಗಿದರು, ಈಗ ಯಾರು ಹೇಳಬಲ್ಲರು?

ಅತ್ತಿವೇರಿಯಿಂದ ಬಂದ ವಾರವೇ ಮಾಲತಿಯವರ ಕರಡು ಬಂತು. ಕಾಕಾನದೊಂದು ಅಫಿಡವಿಟ್, ಅಂದರೆ ಪ್ರಮಾಣಪತ್ರ, ನನ್ನದೊಂದು. ಪುಸ್ತಕ ನನ್ನ ಕೈಬರಹದ್ದಾದ್ದರಿಂದ ಅದರ ಬಗ್ಗೆ ಪ್ರಮಾಣ ಮಾಡಬೇಕಾದವಳು ನಾನು. ಒಂಬತ್ತನೆಯ ವಾಕ್ಯದ ಅರ್ಥ ಹೀಗಿತ್ತು: ಅರ್ಜಿ ಸಲ್ಲಿಸುವವರೆಗೆ ಈ ಪುಸ್ತಕ ನನ್ನ ವಶದಲ್ಲೇ ಇತ್ತು, ನನ್ನ ಮತ್ತು ಅರ್ಜಿದಾರರ ಹೊರತು ಬೇರೆ ಯಾರೂ ಇದನ್ನು ಓದಿಲ್ಲ.

ಜೋಯಿಡಾ ಕಾಲೇಜಿನ ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್ಲು ಸಿಗುತ್ತಿತ್ತು. ಅಲ್ಲಿ ನಿಂತು ಫೋನು ಮಾಡಿದೆ. “ಒಂಬತ್ತನೆಯದು ತೆಗೆಯಬಹುದೇ ಮೇಡಂ?”

“ಅದು ಇಲ್ದಿದ್ರೆ ಆ ಪುಸ್ತಕ ಇಟ್ಟು ಏನಮ್ಮಾ ಪ್ರಯೋಜನ? ಯಾಕೆ, ಯಾರಾದ್ರೂ ನೋಡಿದಾರಾ?”

ಇಲ್ಲ, ಸುಮ್ಮನೆ ಕೇಳಿದೆ ಎಂದು ಹೇಳಿದೆನೋ, ಅಷ್ಟರಲ್ಲಿ ಲೈನು ಹೋಯಿತೋ. ದಿನಚರಿಯಲ್ಲಿ ‘ಲೈನು ಹೋಯಿತು’ ಎಂದಿದೆ. ಆ ದಿನಚರಿಯನ್ನು ಬರೆದವಳೂ ನಾನೇ.

ಸಹಿಗೆ ಇನ್ನು ಹತ್ತು ದಿನವಿತ್ತು. ಒಂದು ಸಂಜೆ ಕಾಕು ಹಿಟ್ಟು ನಾದುತ್ತ ಹೇಳಿದರು. “ದೇವರ ಮುಂದ ಇಟ್ಟದ್ದು ಮಂದಿಗೆ ತೋರ್ಸಿದಂಗ ಹೆಂಗಾಗ್ತೈತಿ? ಆಕಿ ಸಲುವಾಗಿ ಇಟ್ಟದ್ದದು. ನಡುವ ಯಾಂವರ ಇಣಕಿ ಓದಿದ್ರ ಅದು ಅವನ ತಪ್ಪು. ನಮ್ಮ ಮನಿ ಕಾಗದಾ ಕದ್ದ ಓದಿದಂಗ ಅದು.”

ಕಾಕಾ ರೊಟ್ಟಿ ಮುರಿಯುತ್ತ, “ಫಕೀರಪ್ಪಗ ಕಳ್ಳ ಅಂತಿ ಏನ?” ಎಂದರು.

“ಅಂವಗ್ಯಾಕ ಅನ್ಲಿ. ಅಂವಾ ಏನ ಕೋರ್ಟಿಗೆ ಬಂದ ಹೇಳ್ತಾನೇನ ಪುಸ್ತಕದ ಸುದ್ದಿ? ನೀವ ಕೇಳದಿದ್ರ ಆತು.”

ಕಾಕು ಹೇಳಿದ್ದರಲ್ಲಿ ನಿಜವಿದೆ ಅನ್ನಿಸಿತ್ತು. ಕಾನೂನಿಗೆ ಗೊತ್ತಿಲ್ಲದ ಒಂದು ನಿಜ. ಬಸ್ಸಿನಲ್ಲಿ, ಪಾಠದ ನಡುವೆ, ಪಾತ್ರೆ ತೊಳೆಯುವಾಗ ನಾನು ಆ ವಾಕ್ಯವನ್ನು ಬೇರೆ ಬೇರೆ ರೀತಿ ಓದಿಕೊಳ್ಳುತ್ತಿದ್ದೆ. ಓದಿಲ್ಲ ಎಂದರೆ ಅರ್ಥ ಮಾಡಿಕೊಂಡಿಲ್ಲ ಎಂದಾಗಬಹುದೇ. ವಶದಲ್ಲಿ ಎಂದರೆ, ನಾನು ಅಂದು ಅದರಿಂದ ಹತ್ತು ಹೆಜ್ಜೆ ದೂರ ಪೇಡೆ ಹಂಚುತ್ತಿದ್ದೆನಲ್ಲ, ಅದೂ ವಶವೇ ತಾನೆ. ಹೀಗೆ ಯೋಚಿಸಿದ್ದು ದಿನಚರಿಯಲ್ಲಿಲ್ಲ. ಯೋಚಿಸಿದ್ದೆ.

ಸಹಿಗೆ ಕೊನೆಯ ದಿನ ಹಳಿಯಾಳದಲ್ಲಿ ನೋಟರಿ ವಕೀಲರ ಕೋಣೆಗೆ ಹೋದೆವು, ಕಾಕಾ ಮತ್ತು ನಾನು. ತಗಡಿನ ಮಾಡು, ಮಳೆಯ ಸದ್ದಿಗೆ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಬೆಂಚಿನ ಮೇಲೆ ಭೂಮಿಯ ಕಾಗದ ಹಿಡಿದ ಇಬ್ಬರು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಕಾಕಾನ ಪ್ರಮಾಣಪತ್ರ ಮೊದಲು. ಲೇಪ ಮಾಡುವ ರೀತಿ, ಅಲಗು ಬಾಳಿದ ಕಾಲ, ಇಷ್ಟೇ ಇತ್ತು ಅದರಲ್ಲಿ. ಅವರು ಪ್ರತಿ ಪುಟಕ್ಕೂ ನಿಧಾನವಾಗಿ ಸಹಿ ಹಾಕಿದರು. ಆಮೇಲೆ ವಕೀಲರು ನನ್ನದನ್ನು ನನ್ನ ಮುಂದೆ ತಿರುಗಿಸಿ, “ಓದೀರಲ್ರಿ ಎಲ್ಲಾ? ಇಲ್ಲಿ, ಇಲ್ಲಿ, ಮತ್ತ ಕೊನೀಗೆ ಇಲ್ಲಿ” ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿ ಕೊಟ್ಟರು.

ಮೊದಲ ಎರಡು ಪುಟಕ್ಕೆ ಸಹಿ ಹಾಕಿದೆ. ಒಂಬತ್ತನೆಯ ವಾಕ್ಯ ಮೂರನೆಯದರಲ್ಲಿತ್ತು. ಅದರ ಮೇಲೆ ಕಾಕಾನ ಕೈ ಬಂದು ಕೂತಿತು. ಉಗುರಿನ ಸುತ್ತ ಬಿಳಿ ಪುಡಿ ಕಟ್ಟಿದ್ದ ಕೈ.

“ಇರಲಿ, ಸುಮಿ” ಎಂದರು. ವಕೀಲರ ಕಡೆ ತಿರುಗಿ, “ಈಕಿದು ಬ್ಯಾಡ್ರಿ” ಎಂದರು.

“ಯಾಕ್ರಿ, ಟೈಪ್ ತಪ್ಪಾಗೈತೇನು? ಮಾಡಸಿ ಕೊಡೂಣು.”

“ಟೈಪ್ ಬರೋಬರಿ ಐತ್ರಿ.”

ಹೊರಗೆ ಚಹಾದ ಅಂಗಡಿಯ ಸೂರಿನಡಿ ನಿಂತು ಅವರೇ ಮಾಲತಿಯವರಿಗೆ ಫೋನು ಹಚ್ಚು ಎಂದರು. ಅಲ್ಲಿಯವರೆಗೆ ಅವರು ವಕೀಲರೊಂದಿಗೆ ನೇರ ಮಾತಾಡಿದ್ದೇ ಇಲ್ಲ, ಎಲ್ಲ ನನ್ನ ಮೂಲಕ. “ಮೇಡಂ, ಆ ಪುಸ್ತಕಾ ಮಂದಿ ಓದ್ಯಾರ್ರಿ” ಎಂದರು. “ಅರ್ಜಿ ಹಾಕೂಕಿಂತ ಮೊದ್ಲ. ಪೂಜಿಗಿ ಇಟ್ಟಿದ್ವಿ. ನಾನ ತೆರದ ಇಡಸಿದ್ದು.” ಸ್ಪೀಕರಿನಲ್ಲಿ ಚೆನ್ನೈನ ಯಾವುದೋ ರಸ್ತೆಯ ಹಾರ್ನು ಕೇಳುತ್ತಿತ್ತು.

“ಸಾರ್, ಇದು ನೀವು ನನಗೆ ಮೊದಲೇ ಹೇಳ್ಬೇಕಿತ್ತು” ಎಂದರು ಮಾಲತಿ ಕೊನೆಗೆ. “ಇವತ್ತು ಹೇಳಿದೀರ. ಗೊತ್ತಿಟ್ಕೊಂಡು ನಾನು ಕೋರ್ಟಲ್ಲಿ ಬೇರೆ ಹೇಳಕ್ಕಾಗಲ್ಲ.”

“ಹೌದ್ರಿ. ಅದಕ್ಕ ಹೇಳಿದೆ.”

ಮೇಲ್ಮನವಿ ಹಿಂದೆ ಪಡೆದೆವು. ಅದಕ್ಕೂ ಒಂದು ಅರ್ಜಿ, ಒಂದು ಸಹಿ, ಎರಡು ವಾರ. ಕೇಳಿದವರಿಗೆಲ್ಲ ಕಾಕಾ “ಮದ್ರಾಸ ಭಾಳ ದೂರ ಆತ್ರಿ” ಎಂದರು. ಕಾಕು ನನ್ನೊಡನೆ ದೀಪಾವಳಿಯವರೆಗೆ ಸರಿಯಾಗಿ ಮಾತಾಡಲಿಲ್ಲ. ನಾನೇ ಕಾಕಾನ ಮನಸ್ಸು ತಿರುಗಿಸಿದೆ ಎಂದು ಅವರ ನಂಬಿಕೆ. “ಓದಿದಾಕಿ, ಹೆದರಿದಿ” ಎಂದು ಒಮ್ಮೆ ಅಂದರು. ಅಲ್ಲ ಎನ್ನಲು ನನಗೆ ಆಧಾರವಿರಲಿಲ್ಲ. ಹೆದರಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಷೆಡ್ಡು ಈಗಲೂ ಇದೆ. ಅಲಗುಗಳು ಬರುತ್ತವೆ, ಕಾಕಾ ಲೇಪ ಹಚ್ಚುತ್ತಾರೆ. ಬೋಗುಣಿಯ ಮೇಲೆ ಗೋಣಿಚೀಲ ಎಳೆಯುವುದನ್ನು ಬಿಟ್ಟಿದ್ದಾರೆ. ಕೇಳಿದವರಿಗೆ ತೋರಿಸಿಕೊಡುತ್ತಾರೆ. ಬೆಳಗಾವಿಯ ಕಡೆಯ ಒಬ್ಬರು ಬಂದು ಎರಡು ದಿನ ಇದ್ದು ಕಲಿತು ಹೋದರು. ಹೋಗುವಾಗ ಅವರು ಕಾಕಾನ ಹೆಸರನ್ನು ತಪ್ಪಾಗಿ ಬರೆದುಕೊಂಡದ್ದನ್ನು ನಾನು ತಿದ್ದಿದೆ.

ನನ್ನನ್ನು ಕೊರೆಯುವುದು ಬೇರೆ. ಆ ಕೋಣೆಯಲ್ಲಿ ಕಾಕಾನ ಕೈ ಬಂದ ಗಳಿಗೆಯನ್ನು ಎರಡು ಬಗೆಯಲ್ಲಿ ನೆನೆಯುತ್ತೇನೆ. ಒಂದರಲ್ಲಿ ನಾನು ಪೆನ್ನನ್ನು ಕಾಗದದಿಂದ ಎತ್ತಿ ಪಕ್ಕಕ್ಕಿಟ್ಟಿದ್ದೇನೆ, ತಲೆಯೆತ್ತಿ ಅವರ ಕಡೆ ನೋಡುತ್ತಿದ್ದೇನೆ, ಅದನ್ನು ಕಂಡು ಅವರು ಕೈ ಚಾಚಿದ್ದಾರೆ. ಇನ್ನೊಂದರಲ್ಲಿ ಪೆನ್ನಿನ ತುದಿ ಪೆನ್ಸಿಲ್ಲಿನ ಗುರುತಿನ ಮೇಲಿದೆ, ನಾನು ತಲೆಯೆತ್ತಿಲ್ಲ. ಎರಡೂ ಅಷ್ಟೇ ಸ್ಪಷ್ಟ. ಆ ಮೂರನೆಯ ಪುಟವನ್ನು ಕಾಕಾ ಚಹಾದ ಅಂಗಡಿಯ ಒಲೆಗೆ ಹಾಕಿದರು, ಅದರ ಮೇಲೆ ಮಸಿಯ ಚುಕ್ಕೆ ಇತ್ತೋ ಇಲ್ಲವೋ ನಾನು ನೋಡಲಿಲ್ಲ. ದಿನಚರಿಯಲ್ಲಿ ‘ಕಾಕಾ ಬೇಡವೆಂದರು’ ಎಂದಷ್ಟೇ ಇದೆ. ನೋಡಿದವರು ಅವರೊಬ್ಬರೇ.

ಮರುವರ್ಷ ಸಂಕ್ರಾಂತಿಗೆ ಹೋದಾಗ ಕೇಳಿದೆ. ಅಂಗಳದಲ್ಲಿ ಕೂತು ಕಬ್ಬು ಸಿಗಿದು ತಿನ್ನುತ್ತಿದ್ದೆವು, ಕಾಕು ಒಳಗಿದ್ದರು. ಕಾಕಾ ಸಿಪ್ಪೆ ಉಗುಳಿ, ನನ್ನ ಕೈಗೆ ಇನ್ನೊಂದು ತುಂಡು ಕೊಟ್ಟು, ದಾಂಡೇಲಿ ಬಸ್ಸು ಐದಕ್ಕೋ ಐದೂವರೆಗೋ ಎಂದು ವಿಚಾರಿಸಿದರು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಕೇಳಿದೆ. ಎದ್ದು ಕೈ ತೊಳೆಯಲು ಹೋದರು. ಅದಾದ ಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ನಾನು ಮತ್ತೆ ಕೇಳಿಲ್ಲ, ಅವರು ಹೇಳಿಲ್ಲ. ಕೇಳಿದ್ದು ಇಷ್ಟೇ:

“ಕಾಕಾ, ಅವತ್ತ ನೀವು ಕೈ ಅಡ್ಡ ತಂದಾಗ ನಾ ಪೆನ್ ಕೆಳಗ ಇಟ್ಟಿದ್ನೋ, ಸಹಿ ಮಾಡಾಕ ಹತ್ತಿದ್ನೋ?”